ಮಡಿಕೇರಿ ಹೂವಿನ ಗಿಡ

ಆಗೆಲ್ಲ ಕುಂಜತ್ತೂರಿನಲ್ಲಿ ಆಟಿ ತಿಂಗಳ ಮಳೆ ಒಂದು ದಿನ ಬಿಟ್ಟರೂ ಸಾಕು, ನಾನೂ ಗೆಳತಿ ಐರಿನ್ನೂ ಗುಡ್ಡೆ ಹತ್ತುತ್ತಿದ್ದೆವು. ನಮ್ಮ ಮನೆಯ ಹಿಂದಿನ ಆ ಗುಡ್ಡೆ ಅವಳ ಮನೆಯವರದು. ಹಲಸು, ಮಾವಿನ ದೊಡ್ಡ ಮರಗಳ ಅಡಿಯಲ್ಲಿ ಅವಳದೊಂದು ಪುಟ್ಟ ತೋಟವಿತ್ತು. ಕೊಳೆತ ತರಗೆಲೆಯ ವಾಸನೆ ಮನೆಗೆ ಬಂದ ಮೇಲೂ ನಮ್ಮ ಲಂಗದಲ್ಲಿ ಉಳಿಯುತ್ತಿತ್ತು.

ಆ ತೋಟದ ರಾಣಿ ಒಂದು ಹೈಡ್ರೇಂಜಿಯಾ. ಆ ಹೆಸರು ನಮಗೆ ಗೊತ್ತಿರಲಿಲ್ಲ. ಮಡಿಕೇರಿಯ ಕಾನ್ವೆಂಟಿನಲ್ಲಿದ್ದ ಅವಳ ಚಿಕ್ಕಮ್ಮ ಕಡ್ಡಿ ತಂದುಕೊಟ್ಟದ್ದರಿಂದ ಮಡಿಕೇರಿ ಹೂ ಎನ್ನುತ್ತಿದ್ದೆವು. ಎರಡು ವರ್ಷ ಬರೀ ಎಲೆ. ಮೂರನೆಯ ವರ್ಷ ಮೂರು ಗೊಂಚಲು ಮೊಗ್ಗು ಬಂತು. ಮೇರಿಯಮ್ಮನ ಮೊಂತಿ ಹಬ್ಬಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಇಗರ್ಜಿಗೆ ಹೂ ಒಯ್ಯುತ್ತಾರೆ. ಪ್ರತಿವರ್ಷ ಬೇರೆಯವರ ಬೇಲಿಯಿಂದ ಹೂ ಕೊಯ್ಯುತ್ತಿದ್ದ ಐರಿನ್, ಈ ಸಲ ತಾನೇ ಬೆಳೆದದ್ದನ್ನು ಒಯ್ಯುತ್ತೇನೆಂದು ಊರಿಗೆಲ್ಲ ಹೇಳಿದ್ದಳು.

ನಮ್ಮದು ಮಲ್ಲಿಗೆ ಬೆಳೆಯುವ ಮನೆ. ನೆರಳು ಬಿದ್ದರೆ ಹೂವಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಲೋಕದ ಎಲ್ಲ ಗಿಡಗಳಿಗೂ ಅದೇ ನಿಯಮವೆಂದು ನಾನು ನಂಬಿದ್ದೆ. ಮೇಲಿನ ಹಲಸಿನ ಕೊಂಬೆ ಕಡಿಸು ಎಂದೆ.

"ಬೇಡ ಮಾರಾಯ್ತಿ, ನೆರಳಲ್ಲೇ ಇರ್ಲಿ ಅಂತ ಚಿಕ್ಕಮ್ಮ ಹೇಳಿದ್ದಾರೆ."

"ನಿನ್ನ ಚಿಕ್ಕಮ್ಮನಿಗೆ ಮಲ್ಲಿಗೆ ಬೆಳೆಸ್ಲಿಕ್ಕೆ ಗೊತ್ತುಂಟಾ?"

"ಮಲ್ಲಿಗೆ ಗೊತ್ತಿಲ್ಲ. ಇದು ಗೊತ್ತುಂಟು."

ಅವಳು ಬಂದ್ಯೋಡಿನ ಅಜ್ಜಿಮನೆಗೆ ಹೋಗಿದ್ದ ದಿನ, ಅವರ ದನದ ಹಟ್ಟಿಗೆ ಸೊಪ್ಪು ಸವರಲು ಕೆಲಸದ ಐತಪ್ಪಣ್ಣ ಬಂದರು. ಆ ಕೊಂಬೆಯನ್ನೂ ಕಡಿಯಲು ಹೇಳಿದೆ. ಮನೆಯವರು ಹೇಳಿದ್ದಾ ಎಂದು ಅವರು ಕೇಳಿದರು. ಐರಿನ್ ಹೇಳಿದ್ದು ಎಂದೆ.

ಮಳೆ ಬಿಟ್ಟು ಐದು ದಿನ ಆಟಿಯ ಸುಡುಬಿಸಿಲು. ಮಧ್ಯಾಹ್ನ ಎಲೆಗಳು ಒದ್ದೆ ಬಟ್ಟೆಯಂತೆ ಜೋಲುತ್ತಿದ್ದವು. ಸಂಜೆ ತುಸು ಎದ್ದು ನಿಂತು ನಮ್ಮಲ್ಲಿ ಆಸೆ ಹುಟ್ಟಿಸುತ್ತಿದ್ದವು. ಮರುದಿನ ಮತ್ತೆ ಅದೇ. ಬಾವಿಯಿಂದ ನೀರು ಹೊತ್ತೆವು. ಶಾಲೆಯ ಕೊಡೆಗಳನ್ನು ಬಿಡಿಸಿ ಗಿಡದ ಮೇಲೆ ಸರದಿಯಲ್ಲಿ ಹಿಡಿದು ನಿಂತೆವು. ಮೊಗ್ಗು ಕಪ್ಪಾಗುವುದನ್ನು ಕೊಡೆ ಹಿಡಿದುಕೊಂಡೇ ನೋಡಿದೆವು.

ಕಡಿದ ಕೊಂಬೆಗಾಗಿ ಅವಳು ಐತಪ್ಪಣ್ಣನನ್ನು ಬೈದಳು. ಅವರು ನನ್ನ ಮುಖ ನೋಡಿದರು, ಮತ್ತೆ ತಲೆ ತಗ್ಗಿಸಿ ಸೊಪ್ಪು ಕಟ್ಟತೊಡಗಿದರು. ನಾನೂ ಅವಳೊಂದಿಗೆ ಸೇರಿ ಬೈದೆ. ಹಬ್ಬಕ್ಕೆ ಅವಳು ಗುಡ್ಡೆಯ ಕೇಪಳ ಹೂ ಒಯ್ದಳು. ಗಿಡ ಮುಂದಿನ ಬೇಸಗೆಯನ್ನು ಕಾಣಲಿಲ್ಲ.

ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಅವಳ ಮದುವೆಯ ಹಿಂದಿನ ದಿನ ಬಾಯಿಯವರೆಗೆ ಬಂದಿತ್ತು. ಕಳೆದ ಮಳೆಗಾಲದಲ್ಲಿ ಮಂಗಳೂರಿನ ಆಸ್ಪತ್ರೆಯಲ್ಲಿ ಹದಿನೇಳು ದಿನ ಅವಳ ಮಂಚದ ಬಳಿ ಕುಳಿತೆ. ಅವಳ ತುಟಿ ಒದ್ದೆ ಮಾಡುವುದಷ್ಟೇ ನನ್ನಿಂದಾದದ್ದು. ಹಳೆಯ ತಪ್ಪೊಂದನ್ನು ಆ ಹಾಸಿಗೆಯ ಮೇಲೆ ಹೇಗೆ ಇಡಲಿ?

ಅವಳು ತೀರಿಹೋಗಿ ತಿಂಗಳಿಗೆ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಅವಳ ಅಮ್ಮನ ಪಕ್ಕ ಕುಳಿತು ಎಲ್ಲವನ್ನೂ ಹೇಳಿಬಿಟ್ಟೆ. ಐತಪ್ಪಣ್ಣ ತೀರಿಕೊಂಡು ಬಹಳ ವರ್ಷವಾಯಿತು. ಹೇಳಲು ಬೇರೆ ಯಾರೂ ಇರಲಿಲ್ಲ. ಅವಳ ಅಮ್ಮ ನನ್ನ ಕೈಯನ್ನು ಮಡಿಲಲ್ಲಿಟ್ಟುಕೊಂಡರು.

"ಅಂಥ ಗಿಡ ನಮ್ಮಲ್ಲಿ ಇತ್ತಾ ಮಗಾ? ನನಗೆ ನೆನಪಿಲ್ಲ."

ಇತ್ತು ಎಂದೆ. ಇತ್ತು ಎನ್ನಲು ಈಗ ನಾನೊಬ್ಬಳೇ.