ಪಾದಕ್ಕೊಂದು ಕಾಳು

ಬೋಗಾದಿಯಲ್ಲಿ ನಮ್ಮ ಮನೆಗೆ ಅಂಟಿಕೊಂಡಂತೆ ನಮ್ಮದೇ ಒಂದು ಖಾಲಿ ಸೈಟಿದೆ. ಅಲ್ಲಿ ಮನೆ ಕಟ್ಟಿ ಬಾಡಿಗೆಗೆ ಕೊಡಿ ಎಂದು ಬೀದಿಯವರೆಲ್ಲ ಹೇಳಿದರು. ಅಪ್ಪ ಪಾಪ್‌ಕಾರ್ನ್ ಜೋಳ ಬಿತ್ತಿದರು. ಮಂಡಿ ಮೊಹಲ್ಲಾದ ಬೀಜದಂಗಡಿಯಲ್ಲಿ ಆ ಪುಟ್ಟ ಗಟ್ಟಿ ಕಾಳುಗಳನ್ನು ನೋಡಿ ಮರುಳಾಗಿದ್ದರಂತೆ. ಮೊದಲ ಸಲ ಕೊಂಡದ್ದಷ್ಟೇ. ಆಮೇಲೆ ಪ್ರತಿ ವರ್ಷ ತಮ್ಮ ಬೆಳೆಯಿಂದಲೇ ಒಳ್ಳೆಯ ತೆನೆ ಆರಿಸಿ ಬಿತ್ತನೆಗೆ ಎತ್ತಿಡುತ್ತಿದ್ದರು.

ಅಪ್ಪ, ಅಮ್ಮ ಇಬ್ಬರೂ ಬೇಸಾಯದ ಮನೆಯವರು. ಹಾಗಾಗಿ ಅಷ್ಟು ಸಣ್ಣ ಸೈಟಿಗೆ ಇಬ್ಬರು ಯಜಮಾನರು. ಕಾಳಿನಿಂದ ಕಾಳಿಗೆ ಎಷ್ಟು ಜಾಗ ಬಿಡಬೇಕೆಂಬುದೇ ಜಗಳ. ಅಪ್ಪ ಚಪ್ಪಲಿ ಕಳಚಿ, ಸಾಲಿನಲ್ಲಿ ಪಾದ ಊರಿ, ಹೆಬ್ಬೆರಳಿನ ತುದಿಗೊಂದು ಕಾಳು ಹಾಕುತ್ತಿದ್ದರು. ಅಲ್ಲಿಗೆ ಹಿಮ್ಮಡಿ ಇಟ್ಟು ಮತ್ತೊಂದು. ಅಮ್ಮನದು ಬೆರಳಿನ ಅಳತೆ, ಗೇಣಿಗಿಂತಲೂ ಕಡಿಮೆ.

"ಅಷ್ಟಗ್ಲ ಬುಟ್ರೆ ಮಧ್ಯದಲ್ಲಿ ಹಸ ಕಟ್ಬೋದು ಕಣ್ರೀ," ಎಂದು ಅಮ್ಮ ರೇಗಿಸುತ್ತಿದ್ದಳು.

"ಒತ್ತಾಗಿ ಹಾಕಿದ್ರೆ ಒಂದಕ್ಕೊಂದು ಬಿಸ್ಲು ಬುಡಲ್ಲ ಕಣೇ. ಬರೀ ಉದ್ದ ಬೆಳೀತವೆ," ಎನ್ನುತ್ತಿದ್ದರು ಅಪ್ಪ.

ಕೊನೆಗೆ ಸೈಟನ್ನೇ ಪಾಲು ಮಾಡಿಕೊಂಡರು. ಮೊದಮೊದಲು ಅಮ್ಮನ ಪಾಲೇ ಹಚ್ಚಗೆ, ನೆಲ ಕಾಣದಷ್ಟು ತುಂಬಿರುತ್ತಿತ್ತು. ಅವಳ ನಡಿಗೆಯೇ ಬದಲಾಗುತ್ತಿತ್ತು. ತೆನೆ ಕಟ್ಟುವ ಹೊತ್ತಿಗೆ ದಂಟುಗಳು ಪೀಚಾಗಿ, ಒಂದು ಗಾಳಿಮಳೆಗೆ ಒಂದರ ಮೇಲೊಂದು ಒರಗಿಬಿಡುತ್ತಿದ್ದವು. ಎಷ್ಟೋ ಗಿಡಗಳಲ್ಲಿ ತೆನೆಯೇ ಇಲ್ಲ. ಇದ್ದವೂ ಅರ್ಧ ಬೋಳು. ಬಾಣಲೆಗೆ ಹಾಕಿದರೆ ಅಪ್ಪನ ಕಾಳು ಪಟಪಟನೆ ಅರಳುತ್ತಿತ್ತು, ಅಮ್ಮನ ಜೊಳ್ಳು ಕಾಳು ತಳದಲ್ಲಿ ಕರಿಯಾಗುತ್ತಿತ್ತು. ಘಮಕ್ಕೆ ಕಾಂಪೌಂಡಿನ ಮೇಲೆ ಇಣುಕುವ ಪಕ್ಕದ ಬಾಡಿಗೆ ಮನೆಯ ಹುಡುಗಿಯರಿಗೆ ಅಮ್ಮ ಅಪ್ಪನ ಅರಳನ್ನೇ ತುಂಬಿ ಕೊಟ್ಟು, "ನಾನ್ ಬೆಳ್ದಿದ್ದು, ತಿನ್ನಿ," ಎನ್ನುತ್ತಿದ್ದಳು! ಅಪ್ಪ ಇನ್ನೊಂದು ಹಿಡಿ ಕಾಳು ಬಾಣಲೆಗೆ ಹಾಕುತ್ತಿದ್ದರು. ನಿನ್ನ ಬೆಳೆ ಯಾಕೆ ಹೀಗಾಯಿತು ಎಂದು ಕೇಳಿದರೆ ಅಮ್ಮನದು ಒಂದೇ ಉತ್ತರ: "ಗೊಬ್ಬರ ಸಾಲ್ದು." ಮುಂದಿನ ವರ್ಷ ಮತ್ತೆ ಅದೇ ಬೆರಳು. ಆ ಜಗಳದ ಸದ್ದು ಈಗ ನನಗೆ ತುಂಬಾ ಬೇಕೆನಿಸುತ್ತದೆ.

ಹೋದ ಚಳಿಗಾಲದಲ್ಲಿ ಅಪ್ಪ ತೀರಿಕೊಂಡರು. ಅಮ್ಮ ಸೈಟಿನ ಕಡೆ ತಲೆ ಹಾಕಲಿಲ್ಲ. ಮುಂಗಾರು ಬಂತು, ಕಳೆ ಎದ್ದಿತು. ಅಪ್ಪ ಆರಿಸಿಟ್ಟ ತೆನೆಗಳು ಅಡುಗೆಮನೆಯಲ್ಲೇ ತೂಗುತ್ತಿದ್ದವು. ಇನ್ನೊಂದು ವರ್ಷ ಇಟ್ಟರೆ ಹುಳ ಬೀಳುತ್ತದೆ, ಅಪ್ಪನ ಬೀಜ ಅಲ್ಲಿಗೆ ಮುಗಿಯಿತು ಎಂದು ನನಗೆ ಸಂಕಟ. "ಬಿತ್ತೋಣ ಕಣಮ್ಮ," ಎಂದರೆ, "ಯಾರ್ಗೆ?" ಎಂದು ಎದ್ದುಹೋಗುತ್ತಿದ್ದಳು.

ಒಂದು ಬೆಳಿಗ್ಗೆ ನಾನೇ ಕಳೆ ಕಿತ್ತು, ಸಾಲು ಎಳೆದು, ಅಪ್ಪನ ಹಾಗೆ ಪಾದ ಇಟ್ಟು ಕಾಳು ಹಾಕತೊಡಗಿದೆ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ತಡೆಯಲಾರದೆ ಕೂಗಿದಳು: "ನಿಂದು ಗುಬ್ಬಿ ಕಾಲು, ಸಾಲ್ದು ಕಣೇ!"

ಇಳಿದು ಬಂದಳು. ಚಪ್ಪಲಿ ಕಳಚಿ ತನ್ನ ಪಾದ ಇಟ್ಟಳು. ಬಗ್ಗಿ, ಹೆಬ್ಬೆರಳಿನ ಮುಂದೆ ತನ್ನ ಕೈಯ ಎರಡು ಬೆರಳು ಅಡ್ಡ ಇಟ್ಟು, ಅದರಾಚೆ ಕಾಳು ಊರಿದಳು.

"ನಿಮ್ಮಪ್ಪನ ಪಾದ ಇಷ್ಟಿತ್ತು."

ಹಾಗೇ ಅಪ್ಪನ ಪಾಲಿನ ಸಾಲುಗಳನ್ನು ಮುಗಿಸಿ ಸೈಟಿನ ಆ ಬದಿಗೆ ಬಂದೆವು. "ಇದು ನಿನ್ನ ಪಾಲು ಕಣಮ್ಮ, ನಿನ್ನ ಅಳತೇಲೇ ಹಾಕು," ಎಂದೆ.

"ಜಗಳ ಆಡಕ್ಕೆ ಈಗ ಯಾರವ್ರೆ?" ಎಂದಳು. ಮತ್ತೆ ಪಾದ ಇಟ್ಟಳು, ಮತ್ತೆ ಎರಡು ಬೆರಳು ಸೇರಿಸಿದಳು.