ಎಡಕ್ಕೆ ಹೋದ ದೋಣಿ

ಕಳೆದ ವರ್ಷ ಪೊಂಗಲ್ ಕಳೆದ ಮೇಲೆ ಬಂದ ಭಾನುವಾರ. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಹಿಟ್ಟಿನಲ್ಲಿ ಕೋಲ ಹಾಕಿದೆ. ಕಾರ್ಪೊರೇಷನ್ ನೀರು ಬಿಡುವ ದಿನವಾದ್ದರಿಂದ ಡ್ರಮ್ಮು, ಕೊಡ, ಬಕೆಟು ಎಲ್ಲ ತುಂಬಿಸಿದೆ. ದೋಸೆಗೆ ಅಕ್ಕಿ ನೆನೆಹಾಕಿದೆ. ಮನೆಯವರ ಅಂಗಿಗಳನ್ನು ಒಗೆದು ಮಾಳಿಗೆಯ ಮೇಲೆ ಹರವಿ ಬಂದೆ. ಅವ್ವನ ತಲೆಗೆ ಎಣ್ಣೆ ತಿಕ್ಕಿ ಜಡೆ ಹಾಕಿದೆ. ಆಮೇಲೆ ಕಂಪೆನಿಯವರು ಇಳಿಸಿ ಹೋಗಿದ್ದ ಬನಿಯನ್ ಕಟ್ಟು ಬಿಚ್ಚಿ, ಹೊಲಿಗೆಯ ತುದಿಗಳಲ್ಲಿ ಉಳಿದ ದಾರಗಳನ್ನು ಕತ್ತರಿಸುತ್ತಾ ಕೂತೆ. ತಿರುಪ್ಪೂರಿನ ನಮ್ಮ ಬೀದಿಯಲ್ಲಿ ಅರ್ಧಕ್ಕರ್ಧ ಹೆಂಗಸರು ಮನೆಯಲ್ಲಿ ಕೂತು ಮಾಡುವುದು ಇದೇ ಕೆಲಸ.

ಇಷ್ಟೆಲ್ಲ ಮಾಡಿದೆ, ಅಡುಗೆ ಒಂದನ್ನು ಬಿಟ್ಟು. ಅಡುಗೆ ಅವ್ವನದು. ಅಪ್ಪ ತೀರಿಕೊಂಡು ಅವಳು ನನ್ನ ಮನೆಗೆ ಬಂದ ದಿನವೇ, "ನನ್ನನ್ನು ಸುಮ್ನೆ ಕೂರಿಸಿ ಉಣ್ಣೋಕೆ ಸೋರು ಹಾಕ್ಬೇಡ, ಅಡುಪ್ಪು ನನಗೆ ಬಿಟ್ಟುಬಿಡು" ಎಂದಿದ್ದಳು. ಅಂದಿನಿಂದ ನಾನು ಒಲೆಯ ಕಡೆ ತಲೆ ಹಾಕಿದವಳಲ್ಲ.

ಆ ದಿನ ತಮ್ಮ ಮುರುಗೇಶ ಬಂದಿದ್ದ. ಅವನಿಗೆ ಆನೈಮಲೈಯಲ್ಲಿ ತೆಂಗಿನಕಾಯಿ ವ್ಯಾಪಾರ. ಬರುವಾಗ ಒಂದು ಮೂಟೆ ಕಾಯಿ, ಅಲ್ಲಿನ ಮಾಸಾಣಿ ಅಮ್ಮನ ಗುಡಿಯ ಕುಂಕುಮ ತಂದೇ ತರುತ್ತಾನೆ. ಈ ಸಲ ಮುಖದಲ್ಲಿ ನಗು ಕಡಿಮೆ. ಪೊಂಗಲ್‌ಗೆ ಮುಂಚಿನ ಮಾರ್ಗಳಿ ತಿಂಗಳಲ್ಲಿ ಅವ್ವ ಹಾಲು ಒಲೆಯ ಮೇಲಿಟ್ಟು ಮರೆತು, ಪಾತ್ರೆ ಕರಕಲಾಗಿ ಮನೆ ತುಂಬ ಹೊಗೆ ಆಗಿತ್ತು. ಇನ್ನೊಂದು ಸಲ, ಬೇಳೆ ಡಬ್ಬ ಯಾರೋ ಬದಲಾಯಿಸಿಟ್ಟಿದ್ದಾರೆ ಎಂದು ನಮ್ಮನ್ನೆಲ್ಲ ಬೈದಳು. ಬದಲಾಯಿಸಿದ್ದವಳು ಅವಳೇ. ಇದನ್ನೆಲ್ಲ ನಾನೇ ಫೋನಿನಲ್ಲಿ ಅವನಿಗೆ ಹೇಳಿದ್ದೆ. ಹೇಳಿದ್ದು ಜಾಸ್ತಿಯಾಯಿತೇನೋ ಎಂದು ಆಮೇಲೆ ಅನ್ನಿಸಿತ್ತು.

ನನ್ನ ಮಗಳು ನಿವೇದಾ ಕೊಯಮತ್ತೂರಿನಲ್ಲಿ ಕಾಲೇಜು ಓದುತ್ತಾಳೆ, ದಿನಾ ಹೋಗಿ ಬರುತ್ತಾಳೆ. ಅಲ್ಲಿ ಸಿನಿಮಾ ನೋಡಿ ಮಾತಾಡುವ ಒಂದು ಕೂಟವಿದೆಯಂತೆ. ತನಗೆ ತುಂಬ ಇಷ್ಟವಾದ ಪಡ ಯಾವುದು, ಅದು ಯಾಕೆ ದೊಡ್ಡ ಪಡ ಎಂದು ಅವಳು ಅಲ್ಲಿ ನಿಂತು ಹೇಳಬೇಕಿತ್ತು. ಅದಕ್ಕೆ ಮನೆಯವರನ್ನೆಲ್ಲ ಹಿಡಿದು ಕೇಳತೊಡಗಿದಳು.

"ಫೈಟು ಬೇಕು. ಕೊನೇಲಿ ವಿಲನ್ ಸಾಯ್ಬೇಕು. ಮುಗೀತು," ಎಂದ ಮುರುಗೇಶ.

"ಮಾಮಾ, ನಿಮ್ಮ ಟೇಸ್ಟು ತುಕ್ಕು ಹಿಡಿದಿದೆ."

"ಇಂಟರ್ವಲ್ಲಲ್ಲಿ ಬೋಂಡಾ ಬಿಸಿಯಾಗಿದ್ರೆ ನನಗೆ ಎಲ್ಲಾನೂ ದೊಡ್ಡ ಪಡಾನೇ," ಎಂದರು ನಮ್ಮ ಮನೆಯವರು, ಪೇಪರಿನಿಂದ ತಲೆಯೆತ್ತದೆ.

ನಿವೇದಾ ಗಂಭೀರವಾಗಿ, "ಎಷ್ಟು ಸಲ ನೋಡಿದ್ರೂ ಹೊಸದಾಗಿ ಕಾಣ್ಬೇಕು, ಅದೇ ದೊಡ್ಡ ಪಡ," ಎಂದಳು.

ಅಡುಗೆಮನೆಯಿಂದ ಅವ್ವನ ದನಿ ಬಂತು. ಮುದ್ದು ಬಂದರೆ ಅವಳು ನಮ್ಮನ್ನೆಲ್ಲ 'ಕಣ್ಣು' ಎಂದೇ ಕರೆಯುವುದು. "ನಾನು ಒಂದೇ ಸಲ ನೋಡಿದ್ದು ಕಣ್ಣು. ಅಷ್ಟೇ ಸಾಕಾಯ್ತು."

ಅವಳು ಕೈ ಒರೆಸಿಕೊಂಡು ಬಂದು ಬಾಗಿಲ ಹತ್ತಿರ ಕೂತಳು. ವಾಲ್ಪಾರೈಯ ಚಹಾ ತೋಟದ ಕಥೆ ಅದು. ನಮ್ಮ ತಾತ, ಅವ್ವನ ಅಪ್ಪ, ಮಗ್ಗದ ಕೆಲಸ ನಿಂತುಹೋಗಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೆಟ್ಟ ಹತ್ತಿದವನು. ತೋಟದಲ್ಲಿ ಆಗಾಗ ಮೈದಾನದ ನಡುವೆ ಬಿಳಿ ಬಟ್ಟೆ ಕಟ್ಟಿ ಎಲ್ಲರಿಗೂ ಪಡ ತೋರಿಸುತ್ತಿದ್ದರು. ಹಾಗೆ ಚಿಕ್ಕ ಹುಡುಗಿಯಾಗಿದ್ದಾಗ ನೋಡಿದ ಒಂದು ಕಪ್ಪು ಬಿಳುಪಿನ ತಮಿಳು ಪಡವನ್ನು ಅವ್ವ ಹೇಳಿದಳು.

"ಅವನು ದೋಣಿ ನಡೆಸೋನು. ಎಡಗೈಲೇ ಉಣ್ತಾನೆ, ಪಾವಂ. ಬಲಗೈಲಿ ಏನೋ ಊನ. ಅದಕ್ಕೇ ಅವನಿಗೆ ಹೆಣ್ಣು ಕೊಡಲ್ಲ ಅಂತ ನಾನು ಎಣಿಸ್ಕೊಂಡೆ. ಅವಳು ಬೇರೆ ಊರೋಳು, ಸೆರಗು ಬಲಗಡೆ ಹಾಕ್ಕೋತಾಳೆ. ಕೊನೇಲಿ ಅವಳಿಗೆ ಮೈ ಸರಿ ಇರಲ್ಲ, ತವರಿಗೆ ಹೋಗ್ಬೇಕು ಅಂತಾಳೆ. ದೋಣೀಲಿ ಮಲಗಿಸ್ಕೊಂಡು ಹೋಗ್ತಾನೆ. ಎಡಗಡೆಗೆ. ಹೋಗಿ ಹೋಗಿ ಬಟ್ಟೆ ಅಂಚಲ್ಲಿ ಮರೆಯಾಗ್ತಾರೆ."

"ಎಡಗೈಲಿ ಉಣ್ಣೋ ಹೀರೋನಾ ಅಜ್ಜಿ!" ನಿವೇದಾ ನಕ್ಕಳು. ಎಲ್ಲರೂ ನಕ್ಕೆವು. ಅವ್ವನೂ ನಕ್ಕಳು.

ಪಡದ ಹೆಸರು, ನಾಯಕನ ಹೆಸರು ಅವ್ವನಿಗೆ ಚೆನ್ನಾಗಿ ನೆನಪಿತ್ತು. ನಿವೇದಾ ಹುಡುಕಿ ಟೀವಿಯಲ್ಲಿ ಹಾಕಿಯೇಬಿಟ್ಟಳು. ಅವ್ವ ಸೆರಗು ಸರಿಮಾಡಿಕೊಂಡು, ದೇವರ ಮುಂದೆ ಕೂತ ಹಾಗೆ ಕೂತಳು. ಸ್ವಲ್ಪ ಹೊತ್ತಿಗೇ ಅವಳ ಮುಖ ಬದಲಾಯಿತು. ದೋಣಿಯವನು ಬಲಗೈಯಲ್ಲೇ ಉಣ್ಣುತ್ತಿದ್ದ. ಅವಳ ಸೆರಗು ನಮ್ಮೆಲ್ಲರ ಹಾಗೆ ಎಡ ಹೆಗಲ ಮೇಲಿತ್ತು. ಕೊನೆಯಲ್ಲಿ ದೋಣಿ ಬಲಗಡೆಗೆ ಹೋಗಿ ಮರೆಯಾಯಿತು.

"ಇದು ಅದಲ್ಲ," ಎಂದಳು ಅವ್ವ.

"ಅದೇ ಅಜ್ಜಿ. ಹೆಸರು ನೀವೇ ಹೇಳಿದ್ರಲ್ಲ."

"ಮುಖ ಅವರದ್ದೇ. ಪಡ ಅದಲ್ಲ. ಯಾರೋ ಬದಲಾಯಿಸಿಬಿಟ್ಟಿದ್ದಾರೆ."

ಬೇಳೆ ಡಬ್ಬಕ್ಕೂ ಅವಳು ಹೇಳಿದ್ದು ಇದೇ ಮಾತು. ಈಗ ಯಾರೂ ನಗಲಿಲ್ಲ. ಮುರುಗೇಶ ನನ್ನನ್ನು ಹೊರಗೆ ಕರೆದ.

"ನೋಡಿದೆಯಾ ಅಕ್ಕಾ? ನೀನು ಫೋನಲ್ಲಿ ಹೇಳಿದಾಗ ನಂಬಿಕೆ ಬರ್ಲಿಲ್ಲ. ಇನ್ಮೇಲೆ ಅವ್ವ ಅಡುಪ್ಪು ಮುಟ್ಟೋದು ಬೇಡ. ನಮ್ಮೂರಿಗೆ ಒಬ್ಬಳೇ ಬಸ್ಸು ಹತ್ತಿ ಬರೋದೂ ಬೇಡ. ಬುಧವಾರ ಕೊಯಮತ್ತೂರಲ್ಲಿ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ."

"ಅಡುಗೆ ಬೇಡ ಅಂದ್ರೆ ಅವಳು ಏನ್ ಮಾಡ್ತಾಳೋ ದಿನವೆಲ್ಲ?"

"ಮನೆ ಹತ್ತಿ ಉರಿದ್ರೆ ಏನ್ ಮಾಡ್ತೀಯ?"

ಅವನು ಹೇಳಿದ್ದು ತಪ್ಪೂ ಅಲ್ಲ. ಅವನು ಮಾತಾಡಿದ್ದು ಮೆಲ್ಲಗೇ. ಆದರೆ ನಮ್ಮದು ಸಣ್ಣ ಮನೆ. ಒಳಗೆ ಬಂದಾಗ ಅವ್ವ ಒಲೆ ಒರೆಸಿ, ಗ್ಯಾಸ್ ಲೈಟರನ್ನು ನನ್ನ ಹೊಲಿಗೆ ಮೆಷಿನ್ನಿನ ಮೇಲೆ ಇಟ್ಟಿದ್ದಳು.

ಮಾರನೆಯ ದಿನ ಅಡುಗೆ ನಾನು ಮಾಡಿದೆ. ಅವ್ವ ಹಾಕಿದ್ದನ್ನು ಉಂಡಳು, ಉಪ್ಪು ಸಾಲದು ಎಂದು ಕೂಡ ಹೇಳಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಮಧ್ಯಾಹ್ನ ಪಕ್ಕದಲ್ಲಿ ಕೂತು, "ಅವ್ವಾ, ಒಂದು ಪಡಕ್ಕೆ ಯಾಕೆ ಇಷ್ಟು ಮನಸ್ಸಿಗೆ ಹಚ್ಕೊಂಡೆ?" ಎಂದೆ.

ಅವಳು ಸೆರಗಿನ ಅಂಚು ಮಡಚುತ್ತಾ ಹೇಳಿದಳು: "ನಮ್ಮವ್ವನ ಮುಖ ನನಗೆ ನೆನಪಿಲ್ಲ ಕಣ್ಣು. ಫೋಟೋ ಇಲ್ಲ. ಆ ದೋಣಿ ಒಂದೇ ಇದ್ದಿದ್ದು. ಅದೂ ನಾನೇ ಕಟ್ಟಿಕೊಂಡದ್ದು ಅಂದ್ರೆ, ಬುದ್ಧಿ ಹೋಯ್ತು ಅಂತ ತಾನೆ ಅರ್ಥ?"

ದೋಣಿಗೂ ಅವಳ ಅವ್ವನಿಗೂ ಏನು ಸಂಬಂಧ ಎಂದು ಕೇಳಿದೆ. "ಬಿಡು," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಮಂಗಳವಾರ ಬೆಳಿಗ್ಗೆ ಮತ್ತೆ ಬನಿಯನ್ ಕಟ್ಟು. ಮಕ್ಕಳ ತೆಳು ಬಿಳಿ ಬನಿಯನ್ನುಗಳು, ಎದೆಯ ಮೇಲೆ ಒಂದು ಕಾರಿನ ಚಿತ್ರ. ದಾರ ಕತ್ತರಿಸುವಾಗ ನಾವು ಬನಿಯನ್ನಿನ ಒಳಮೈ ಹೊರಗೆ ಮಾಡಿ ಹಿಡಿಯುತ್ತೇವೆ. ಒಂದನ್ನು ಬೆಳಕಿಗೆ ಎತ್ತಿದೆ. ಬಟ್ಟೆಯ ಆಚೆಯಿಂದ ಕಾರು ತೆಳ್ಳಗೆ ಕಾಣುತ್ತಿತ್ತು, ಎಡಕ್ಕೆ ಓಡುತ್ತಿತ್ತು. ಸರಿಮೈ ತಿರುಗಿಸಿದೆ. ಬಲಕ್ಕೆ ಓಡುತ್ತಿತ್ತು. ಇಷ್ಟು ವರ್ಷ ಇದೇ ಕೆಲಸ ಮಾಡಿದವಳು, ಅದನ್ನು ಅಂದೇ ಮೊದಲು ನೋಡಿದವಳ ಹಾಗೆ ಎರಡು ಮೂರು ಸಲ ತಿರುಗಿಸಿ ನೋಡಿದೆ. ಕತ್ತರಿ ಕೆಳಗಿಟ್ಟು ಅವ್ವನ ಹತ್ತಿರ ಹೋದೆ.

"ಅವ್ವಾ, ಆ ಪಡ ನೋಡುವಾಗ ನೀನು ಎಲ್ಲಿ ಕೂತಿದ್ದೆ?"

ಅವಳು ಬೆಚ್ಚಿಬಿದ್ದ ಹಾಗೆ ನನ್ನನ್ನು ನೋಡಿದಳು. "ಯಾಕೆ?"

"ಹೇಳು. ಬಟ್ಟೆಯ ಮುಂದೆಯಾ?"

"ಅಪ್ಪ ಯಾರ್ಗೂ ಹೇಳ್ಬಾರ್ದು ಅಂತ ಆಣೆ ಇಡಿಸ್ಕೊಂಡಿದ್ದ."

"ತಾತ ಹೋಗಿ ಎಷ್ಟೋ ವರ್ಷ ಆಯ್ತು ಅವ್ವಾ. ಈಗ ಹೇಳಬಹುದು."

ಆಗ ಹೇಳಿದಳು. ಅವಳ ತಾಯಿ ಜ್ವರ ಬಂದು ತೋಟದ ಕೂಲಿಯವರ ಲೈನ್ ಮನೆಯಲ್ಲೇ ತೀರಿಹೋಗಿದ್ದಳು. ಹದಿನಾರನೇ ದಿನದ ಕಾರ್ಯ ಇನ್ನೂ ಮುಗಿದಿರಲಿಲ್ಲ. ಸೂತಕದ ಮನೆಯವರು ನಾಲ್ಕು ಜನರ ನಡುವೆ ಕೂತು ಪಡ ನೋಡುವುದೆಂದರೇನು? ಆದರೆ ಮೈದಾನದಿಂದ ಹಾಡು ಕೇಳಿಸುತ್ತಿತ್ತು, ಅವಳ ಪುಟ್ಟ ತಮ್ಮ ಅಳು ನಿಲ್ಲಿಸುತ್ತಿರಲಿಲ್ಲ. ತಾತ ಇಬ್ಬರನ್ನೂ ಕರೆದುಕೊಂಡು, ಚಹಾ ಗಿಡಗಳ ನಡುವೆ ಸುತ್ತಿ ಬಳಸಿ ಬಟ್ಟೆಯ ಹಿಂದಕ್ಕೆ ಹೋಗಿ ಕತ್ತಲಲ್ಲಿ ಕೂತನಂತೆ. ಆ ಕಡೆ ಬೇರೆ ಯಾರೂ ಇರಲಿಲ್ಲ.

"ಕಾಲಿಗೆ ಜಿಗಣೆ ಹತ್ತಿದ್ರೂ ಅಪ್ಪ ಅಲುಗಾಡಲಿಲ್ಲ. ನಾವು ಕೂತಿದ್ದ ಕಡೆಯಿಂದ ಬಲಗಡೆ ಫ್ಯಾಕ್ಟರಿ, ಎಡಗಡೆ ನಮ್ಮ ಲೈನ್ ಮನೆ. ಆ ಹುಡುಗಿ ತವರಿಗೆ ಹೋಗ್ತೀನಿ ಅಂದ್ಲು, ದೋಣಿ ನಮ್ಮ ಮನೆ ಕಡೆಗೇ ಹೋಯ್ತು. ನಮ್ಮವ್ವ ಮನೆಗೆ ಹೋದ್ಲು ಅಂತ ಎಣಿಸ್ಕೊಂಡೆ. ಪಡ ಮುಗಿದ ತಕ್ಷಣ ಓಡಿಹೋಗಿ ಬಾಗಿಲು ತೆಗೆದು ನೋಡಿದೆ."

"ಆಮೇಲೆ?"

"ಇರ್ಲಿಲ್ಲ. ಆದ್ರೆ ಅವ್ವ ಹೋದ ಮೇಲೆ ಅವತ್ತೇ ನನಗೆ ಮೊದಲು ನಿದ್ದೆ ಬಂದದ್ದು."

ಅವಳಿಗೆ ಓದು ಬರಹ ಬಾರದು. ಬಟ್ಟೆಯ ಹಿಂದಿನಿಂದ ಅಕ್ಷರಗಳು ತಿರುಗುಮುರುಗಾಗಿ ಕಂಡದ್ದು ಅವಳಿಗೆ ಹೇಗೆ ಗೊತ್ತಾಗಬೇಕು? ಆಮೇಲೆ ನೋಡಿದ ಪಡಗಳನ್ನೆಲ್ಲ ಮುಂದೆ ಕೂತೇ ನೋಡಿದ್ದಳು. ಅದೊಂದೇ ಒಂದು ಬೇರೆ ಲೋಕದ ಹಾಗೆ ಉಳಿದುಬಿಟ್ಟಿತ್ತು.

ಸಂಜೆ ನಿವೇದಾ ಕಾಲೇಜಿನಿಂದ ಬಂದಾಗ ಎಲ್ಲ ಹೇಳಿದೆ. ಅವಳು ಬ್ಯಾಗು ಕೂಡ ಕೆಳಗಿಡದೆ ನಿಂತೇ ಕೇಳಿದಳು. ಕಂಪ್ಯೂಟರಿನಲ್ಲೇ ಪಡವನ್ನು ತಿರುಗಿಸಬಹುದು, ಆದರೆ ಸ್ವಲ್ಪ ಹೊತ್ತು ಹಿಡಿಯುತ್ತದೆ ಎಂದಳು. ನಮ್ಮ ಬೀರುವಿನ ಬಾಗಿಲಲ್ಲಿ ಆಳೆತ್ತರದ ಕನ್ನಡಿ ಇದೆ. ಅದನ್ನು ತೋರಿಸಿದೆ. ಸ್ಟೂಲಿನ ಮೇಲೆ ಲ್ಯಾಪ್‌ಟಾಪನ್ನು ಕನ್ನಡಿಗೆ ಮುಖಮಾಡಿ ಇಟ್ಟೆವು. ಅವ್ವನನ್ನು ಮಂಚದ ಮೇಲೆ ಕೂರಿಸಿ, ಕನ್ನಡಿಯನ್ನು ನೋಡು ಎಂದೆವು.

ಅಷ್ಟು ಹೊತ್ತಿಗೆ ಮುರುಗೇಶನೂ ಬಂದ. ಬುಧವಾರ ಬೇಗ ಹೊರಡಬೇಕೆಂದು ಆನೈಮಲೈಯಿಂದ ಹಿಂದಿನ ದಿನವೇ ಬಂದಿದ್ದ. "ಏನಿದು, ಎಲ್ಲರಿಗೂ ಪೈತ್ಯ ಹಿಡೀತಾ?" ಎಂದು ಬಾಗಿಲಲ್ಲೇ ನಿಂತ. ನಾನು ಬಾಯಿಗೆ ಬೆರಳಿಟ್ಟು ತೋರಿಸಿದೆ.

ಕನ್ನಡಿಯಲ್ಲಿ ದೋಣಿಯವನು ಎಡಗೈಯಲ್ಲಿ ಉಣ್ಣುತ್ತಿದ್ದ. ಹುಡುಗಿಯ ಸೆರಗು ಬಲ ಹೆಗಲ ಮೇಲಿತ್ತು. ಅವ್ವ ಮುಂದಕ್ಕೆ ಬಾಗಿದಳು. "ಆಮಾ, ಇದೇ," ಎಂದಳು, ತುಂಬ ಮೆಲ್ಲಗೆ. ಕೊನೆಯವರೆಗೂ ಕಣ್ಣು ಕೀಳದೆ ನೋಡಿದಳು. ದೋಣಿ ಎಡಕ್ಕೆ ಹೋಗಿ ಕನ್ನಡಿಯ ಅಂಚಿನಲ್ಲಿ ಮರೆಯಾದಾಗ ಅವಳು ತನ್ನ ಎಡಗಡೆಗೆ ತಿರುಗಿ ನೋಡಿದಳು. ಆ ಕಡೆ ಇದ್ದದ್ದು ನಮ್ಮ ಅಡುಗೆಮನೆ.

ಮುರುಗೇಶನಿಗೆ ನಾನು ಬಟ್ಟೆಯ ಹಿಂದಿನ ಕಥೆ ಹೇಳಿದೆ. ಅವನು ಅವ್ವನ ಕಾಲ ಹತ್ತಿರ ನೆಲದ ಮೇಲೆ ಕೂತ. "ಯಾಕವ್ವಾ ಇಷ್ಟು ದಿನ ಹೇಳಲಿಲ್ಲ?" ಎಂದ.

"ನೀವು ಪಡ ಹೇಗಿತ್ತು ಅಂತ ಕೇಳಿದ್ರಿ. ಎಲ್ಲಿ ಕೂತಿದ್ದೆ ಅಂತ ಯಾರು ಕೇಳಿದ್ರು ಸಾಮಿ?"

ಮಾರನೆಯ ದಿನ ಡಾಕ್ಟರ ಹತ್ತಿರ ಹೋದದ್ದು ನಿಜ. ವಯಸ್ಸಿಗೆ ತಕ್ಕ ಮರೆವು ಇದೆ, ಕಣ್ಣಿಟ್ಟಿರಿ ಎಂದರು. ಹಾಲು ಸೀದದ್ದು ಸುಳ್ಳಲ್ಲ, ಬೇಳೆ ಡಬ್ಬವೂ ಸುಳ್ಳಲ್ಲ. ಈಗಲೂ ಅವಳು ಅಡುಗೆ ಮಾಡುವಾಗ ನಾನು ಬನಿಯನ್ ಕಟ್ಟನ್ನು ಅಡುಗೆಮನೆಯ ಬಾಗಿಲಿಗೇ ಎಳೆದುಕೊಂಡು ಕೂರುತ್ತೇನೆ. ಆದರೆ ಅವಳು ಏನಾದರೂ ಹೇಳಿದರೆ ಮೊದಲಿನ ಹಾಗೆ ತಕ್ಷಣ ಇಲ್ಲ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ನಿವೇದಾ ತನ್ನ ಕೂಟದಲ್ಲಿ ಅಜ್ಜಿಯ ಪಡದ ಬಗ್ಗೆಯೇ ಮಾತಾಡಿದಳಂತೆ. ಅದು ದೊಡ್ಡ ಪಡವೋ ಅಲ್ಲವೋ ಎಂದು ಯಾರೋ ಕೇಳಿದರಂತೆ. ಅವಳು ಏನು ಹೇಳಿದಳೋ, ನಾನು ಕೇಳಲಿಲ್ಲ. ಕಳೆದುಕೊಂಡವರನ್ನು ಒಂದು ರಾತ್ರಿಯ ಮಟ್ಟಿಗಾದರೂ ಮನೆ ತಲುಪಿಸಿದ ಪಡ ಅದು. ಅದಕ್ಕಿಂತ ದೊಡ್ಡದು ನಾನು ನೋಡಿಲ್ಲ.

ಆ ಮಂಗಳವಾರ ಸಂಜೆಯ ಮಾತಿಗೆ ಬರುತ್ತೇನೆ. ಪಡ ಮುಗಿದ ಮೇಲೆ ಮುರುಗೇಶ ತಾನೇ ಹೋಗಿ ಮೆಷಿನ್ನಿನ ಮೇಲಿದ್ದ ಲೈಟರ್ ತಂದು ಅವ್ವನ ಕೈಗೆ ಕೊಟ್ಟು, "ಹಸಿವಾಗ್ತಿದೆ ಅವ್ವಾ," ಎಂದ. ಅವಳು ಅಕ್ಕಿ ಬೇಳೆ ಒಟ್ಟಿಗೆ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಅನ್ನ ಮಾಡಿದಳು. ಮೇಲೆ ತುಪ್ಪ, ಪಕ್ಕಕ್ಕೆ ಸುಟ್ಟ ಅಪ್ಪಳ, ಕೊನೆಗೆ ಮೊಸರು. ಉಣ್ಣುವಾಗ, ನಿನ್ನೆ ನಿನ್ನ ಸಾರಿಗೆ ಉಪ್ಪೇ ಇರಲಿಲ್ಲ ಎಂದು ನನ್ನನ್ನು ಬೈದಳು. ಮೊದಲು ನಿದ್ದೆ ಹೋದವಳು ಅವ್ವ, ಎಡಗಡೆಗೆ ತಿರುಗಿಕೊಂಡು. ದೀಪ ಆರಿಸಿದ ಮೇಲೆ ಮುರುಗೇಶ ಚಾಪೆಯಿಂದ ಎದ್ದು ಕತ್ತಲಲ್ಲೇ ಅಡುಗೆಮನೆಗೆ ಹೋಗಿ ಗ್ಯಾಸಿನ ನಾಬ್ ಮುಟ್ಟಿ ನೋಡಿ ಬಂದ. ಅವಳು ಮುಚ್ಚಿಯೇ ಮಲಗಿದ್ದಳು.