ಚಿಕ್ಕಯ್ಯನ ಕೆಂಪು ಚುಕ್ಕಿ
ಹೊಳೆನರಸೀಪುರದಲ್ಲಿ ಹೊಸ ಕ್ಯಾಮೆರಾ ಇಟ್ಟುಕೊಂಡು ನಾನು ಕೂತಿದ್ದರೂ ಜನ ಮದುವೆಗೆ ಕರೆಯುವುದು ಫೋಟೋ ಚಿಕ್ಕಯ್ಯನನ್ನೇ. ಅವನ ಮುದಿ ಕ್ಯಾಮೆರಾದ ಸೆನ್ಸರಿನಲ್ಲಿ ಒಂದು ಪಿಕ್ಸೆಲ್ ಕೆಟ್ಟು, ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿ ಒಂದು ಕೆಂಪು ಚುಕ್ಕಿ ಬೀಳುತ್ತದೆ. ಹಾಸನದ ರಿಪೇರಿಯವನು ಕಂಪ್ಯೂಟರಿನಲ್ಲಿ ಒರೆಸಿಬಿಡು ಅಂದರೆ, ಚಿಕ್ಕಯ್ಯ "ಮದ್ವೆ ಫೋಟೋ ತಿದ್ಬಾರ್ದು ಸಾ" ಅನ್ನುತ್ತಾನಂತೆ. ಅವನ ಉಪಾಯವೇ ಬೇರೆ: ಚುಕ್ಕಿ ಹೆಣ್ಣಿನ ಹಣೆಯ ಕುಂಕುಮದೊಳಗೇ ಬೀಳುವಂತೆ ಅವಳನ್ನು ನಿಲ್ಲಿಸುವುದು. "ಒಸಿ ಈ ಕಡೀಕ್ ಬಾ ಕಣವ್ವ, ಗದ್ದ ಎತ್ತು, ಅಂಗೇ ಇರು" ಅನ್ನುತ್ತಿದ್ದರೆ ಪುರೋಹಿತರೂ ಮಂತ್ರ ನಿಲ್ಲಿಸಿ ಕಾಯುತ್ತಾರೆ. ಚನ್ನರಾಯಪಟ್ಟಣದಿಂದ ಅರಕಲಗೂಡಿನವರೆಗೆ ಅವನು ತೆಗೆದ ಫೋಟೋಗಳಲ್ಲಿ ಮದುಮಕ್ಕಳೆಲ್ಲ ಒಂದೇ ಪಕ್ಕಕ್ಕೆ ಸರಿದು ನಿಂತಿದ್ದಾರೆ. ಜನ ಅದನ್ನೂ ಚಿಕ್ಕಯ್ಯನ ಕೈಗುಣ ಅನ್ನುತ್ತಾರೆ, ನನ್ನ ಹೊಟ್ಟೆ ಉರಿಯುತ್ತದೆ. ಎಲ್ಲಿ ಅವನ ಆಲ್ಬಂ ಕಂಡರೂ ಭೂತಗನ್ನಡಿ ಹಿಡಿದು ಆ ಚುಕ್ಕಿ ಹುಡುಕುತ್ತಿದ್ದೆ, ಒಮ್ಮೆಯೂ ಸಿಗಲಿಲ್ಲ. ಕೊನೆಗೆ ನನ್ನ ಮಗಳು ದೀಪಶ್ರೀಯೇ ಹಟ ಹಿಡಿದು ತನ್ನ ಮದುವೆಗೆ ಅವನನ್ನು ಕರೆಸಿದಳು. ಆ ಆಲ್ಬಂನಲ್ಲಿ ಸಿಕ್ಕಿತು! ಅಳಿಯನ ಕಪ್ಪು ಕೋಟಿನ ಮೇಲೆ ಎದ್ದು ಕಾಣುವ ಕೆಂಪು ಚುಕ್ಕಿ. ಓಡಿಹೋಗಿ ಚಿಕ್ಕಯ್ಯನ ಮುಖಕ್ಕೇ ಹಿಡಿದೆ. "ಗೊತ್ತು ಸಾ," ಅಂದ, "ನೀವು ಮೂಲೇಲಿ ಕಣ್ಣೊರೆಸ್ಕೊಂಡು ನಿಂತಿದ್ರಲ್ಲ, ನಿಮ್ಮನ್ನೂ ಸೇರಿಸ್ಕಳಾಕೆ ಕ್ಯಾಮೆರಾ ಒಸಿ ಜರುಗಿಸ್ದೆ." ಊರಿಗೆಲ್ಲ ತೋರಿಸಬೇಕೆಂದು ಇಷ್ಟು ವರ್ಷ ಹುಡುಕಿದ ಚುಕ್ಕಿ ಈಗ ನಮ್ಮ ನಡುಮನೆಯ ಗೋಡೆ ಮೇಲಿದೆ. ಯಾರಾದರೂ ಅದೇನು ಅಂತ ಕೇಳಿದರೆ, ಪ್ರಿಂಟ್ ಹಾಕಿದವರ ತಪ್ಪು ಅನ್ನುತ್ತೇನೆ.